ಕಣಗಲಾದ ಉದ್ದವ್ವ ದಿಮಶ್ಕ್ ಎಂದು ಹೇಳಿದ ಬಗ್ಗೆ

ಹುಕ್ಕೇರಿ ಪೇಟೆಯ ‘ಸಮುದ್ರದಾಚೆ ಹೋದವರ ಪತ್ತೆ ಕಚೇರಿ’ಯ ಕಾರಕೂನ ಸಾಹೇಬರ ಸನ್ನಿಧಾನಕ್ಕೆ,

ಮಾನ್ಯರೇ,

ಮೂಡಲಗಿಯ ಕನ್ನಡ ಶಾಲೆಯಲ್ಲಿ ಇಪ್ಪತ್ತೆಂಟು ವರ್ಷ ಭೂಗೋಳ ಕಲಿಸಿ, ಈಗ ಕಣಗಲಾದಲ್ಲಿ ಮಗಳ ಮನೆಯ ಕಟ್ಟೆಯ ಮೇಲೆ ಕುಳಿತು ಊರವರ ಕಾಗದಪತ್ರ ಬರೆದುಕೊಡುತ್ತಿರುವ ಮುರಿಗೆಪ್ಪ ಮಾಸ್ತರನು ತಮಗೆ ಸಲ್ಲಿಸುವ ಶರಣು ಶರಣಾರ್ಥಿಗಳು. ತಾವೂ, ತಮ್ಮ ಕೆಂಪು ಮಸಿಯ ದೌತಿಯೂ, ದುಂಡನೆಯ ಮುದ್ರೆಯ ಠಸ್ಸೆಯೂ, ಮಧ್ಯಾಹ್ನ ಎರಡರ ನಂತರ ತಾವು ಒರಗಿಕೊಳ್ಳುವ ಬೆತ್ತದ ಕುರ್ಚಿಯೂ ಸುಕ್ಷೇಮವೆಂದು ನಂಬಿದ್ದೇನೆ. ಇತ್ತ ಕಣಗಲಾದಲ್ಲಿ ಒಬ್ಬಳನ್ನು ಬಿಟ್ಟು ಉಳಿದವರೆಲ್ಲ ಕ್ಷೇಮ. ಈ ಕಾಗದವನ್ನು ನೇರವಾಗಿ ತಮಗೇ ಕಳಿಸುವುದು ಮರ್ಯಾದೆಯಾಗಿತ್ತು. ಆದರೆ ತಮಗೆ ಕಳಿಸಿದ ನನ್ನ ನಾಲ್ಕು ಅರ್ಜಿಗಳೂ ಮೇವಿಗೆ ಹೋದ ದನ ಸಂಜೆ ಮನೆಗೆ ಬಂದಂತೆ ತಪ್ಪದೆ ನನ್ನ ಕಟ್ಟೆಗೇ ತಿರುಗಿ ಬಂದದ್ದರಿಂದ, ಇದನ್ನು ವಾರಪತ್ರಿಕೆಯವರ ಕೈಗೆ ಒಪ್ಪಿಸುತ್ತಿದ್ದೇನೆ. ತಾವು ಪತ್ರಿಕೆಯನ್ನು ಕಚೇರಿಯ ವೇಳೆಯಲ್ಲಿಯೇ ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಓದುತ್ತೀರೆಂದು ತಮ್ಮ ಸಿಪಾಯಿ ಹೇಳಿದ್ದಾನೆ.

ಸಂಗತಿ ಗೊತ್ತಿಲ್ಲದ ಓದುಗರಿಗಾಗಿ ಮೊದಲಿನಿಂದ ಹೇಳುತ್ತೇನೆ, ತಾವು ಬೇಕಾದರೆ ನಡುವೆ ಆಕಳಿಸಬಹುದು. ನಮ್ಮೂರ ಉದ್ದವ್ವನ ಗಂಡ ಎರಡು ವರ್ಷದ ಹಿಂದೆ ಸರಕಾರದ ಹೇಸರಗತ್ತೆ ಹೊಡೆಯುವ ಕೆಲಸಕ್ಕೆ ಸೇರಿ ಯುದ್ಧಕ್ಕೆ ಹೋದ. ಗೋಕಾಕದ ಸಂತೆಯಲ್ಲಿ ಮೇಜು ಹಾಕಿಕೊಂಡು ಕುಳಿತಿದ್ದ ಭರತಿಯ ಸಾಹೇಬರು ಆತನ ಹೆಸರನ್ನು ಅರ್ಧ ನಿಮಿಷದಲ್ಲಿ ಬರೆದುಕೊಂಡು, ಇನ್ನರ್ಧ ನಿಮಿಷದಲ್ಲಿ ಹೆಬ್ಬೆಟ್ಟು ಒತ್ತಿಸಿಕೊಂಡು, ಮೂರನೆಯ ದಿನಕ್ಕೆ ರೈಲು ಹತ್ತಿಸಿದರು. ನೀನು ಹೋಗುವ ಊರು ಯಾವುದು, ಅದನ್ನು ಬಾಯಿಬಿಟ್ಟು ಹೇಳು ನೋಡೋಣ ಎಂದು ಆಗ ಯಾರೂ ಕೇಳಲಿಲ್ಲ. ಕೇಳಿದ್ದರೆ ಆತ ಹೇಳಲಾರದೆ ಮನೆಯಲ್ಲಿಯೇ ಉಳಿಯುತ್ತಿದ್ದ, ಈ ಕಾಗದ ಬರೆಯುವ ಸಂಕಟವೂ ನನಗೆ ಬರುತ್ತಿರಲಿಲ್ಲ.

ಕಳೆದ ಸಂಕ್ರಾಂತಿಯ ಹೊತ್ತಿಗೆ ಆತನಿಂದ ಒಂದು ಕಾರ್ಡು ಬಂತು. ಸಂಕೇಶ್ವರದ ಸಾತಪ್ಪನೆಂಬ ಜೊತೆಗಾರ ಬರೆದುಕೊಟ್ಟದ್ದು. ಯುದ್ಧ ಮುಗಿಯಿತು, ಆದರೆ ಹೇಸರಗತ್ತೆ ಒದ್ದು ಕಾಲು ಮುರಿದಿದೆ, ಮೇಲೆ ಜ್ವರ ಬಿಟ್ಟಿಲ್ಲ, ಡಮಾಸ್ಕಸ್ ಎಂಬ ಊರಿನ ದವಾಖಾನೆಯಲ್ಲಿದ್ದೇನೆ, ಮಾಸ್ತರಿಗೆ ಹೇಳಿ ಕಾಗದ ಬರೆಸು ಎಂದಿಷ್ಟೇ ಇತ್ತು. ಮರುದಿನವೇ ಉದ್ದವ್ವ ಹೇಳಿದಂತೆ ನಾನು ಉತ್ತರ ಬರೆದು ಟಪಾಲಿಗೆ ಹಾಕಿದೆ. ಅಷ್ಟರಲ್ಲಿ ಹುಕ್ಕೇರಿಯಲ್ಲಿ ತಮ್ಮ ಕಚೇರಿ ತೆರೆಯಿತು. ಇನ್ನು ಮುಂದೆ ಸಮುದ್ರದಾಚೆಯ ದವಾಖಾನೆಗಳಲ್ಲಿರುವವರಿಗೆ ಹೋಗುವ ಕಾಗದವೂ, ಅವರಿಂದ ಬರುವ ಕಾಗದವೂ, ಅವರ ವಿಚಾರಣೆಯೂ ತಮ್ಮ ಠಸ್ಸೆಯ ಕೆಳಗಿನಿಂದಲೇ ಹಾದುಹೋಗಬೇಕೆಂದು ಊರೂರಿಗೆ ಡಂಗುರ ಸಾರಿಸಿದಿರಿ. ಸರಕಾರ ನಮ್ಮಂಥವರನ್ನೂ ನೆನೆಸಿತಲ್ಲ ಎಂದು ನಾನು ಮೂರ್ಖನಂತೆ ಹಿಗ್ಗಿದೆ.

ಮೊದಲನೆಯ ಅರ್ಜಿಯಲ್ಲಿ ಊರಿನ ಹೆಸರನ್ನು ‘ಡಮಾಸ್ಕಸ್’ ಎಂದು ಬರೆದೆ. ಇಪ್ಪತ್ತೆಂಟು ವರ್ಷ ಹಲಗೆಯ ಮೇಲೆ ಹಾಗೆಯೇ ಬರೆದಿದ್ದೆ, ಹಾಗೆ ಹೇಳಲಾರದ ಮಕ್ಕಳ ಕಿವಿಯನ್ನೂ ಹಿಂಡಿದ್ದೆ. ತಾವು ‘ಇದು ಇಂಗ್ರೇಜಿ ಹೆಸರು, ನಮ್ಮ ಪಟ್ಟಿಯಲ್ಲಿ ಅರಬ್ಬೀ ಹೆಸರಿದೆ, ಅದರಂತೆ ಬರೆಯತಕ್ಕದ್ದು’ ಎಂದು ಕೆಂಪು ಮಸಿಯಲ್ಲಿ ಷರಾ ಹಾಕಿ ಹಿಂದಕ್ಕೆ ಕಳಿಸಿದಿರಿ. ಎರಡನೆಯದರಲ್ಲಿ ‘ದಮಸ್ಕ’ ಎಂದೆ. ಪಾದ್ರಿಗಳ ಬೈಬಲಿನ ಹೆಸರು, ನಡೆಯದು ಎಂದಿರಿ. ಮೂರನೆಯದರಲ್ಲಿ ‘ದಿಮಿಷ್ಕ’ ಎಂದೆ; ಗುಡಿಸು ಹೆಚ್ಚಾಯಿತು ಎಂದಿರಿ. ನಾಲ್ಕನೆಯದರಲ್ಲಿ ‘ದಿಮಶ್ಕ’ ಎಂದು ಬರೆಯುವಷ್ಟರಲ್ಲಿ ಯುಗಾದಿ ದಾಟಿತ್ತು. ಕೊನೆಯ ಅಕ್ಷರ ಅರ್ಧವಿರಬೇಕಾದಲ್ಲಿ ಪೂರ್ತಿಯಿದೆ ಎಂದು ಅದನ್ನೂ ತಳ್ಳಿಹಾಕಿದಿರಿ. ಅಬ್ಬಾ, ಎಂಥ ನಿಷ್ಠೆ! ಗೋಕಾಕದ ಜಲಪಾತ ಧುಮುಕುವುದನ್ನು ಕಲಿಯುವ ಮೊದಲೇ ಡಮಾಸ್ಕಸಿನಲ್ಲಿ ಜನ ಮನೆ ಕಟ್ಟಿಕೊಂಡು ಕುಳಿತಿದ್ದರಂತೆ, ಯಾವ ಯಾವ ರಾಜರೋ ಬಂದು ಹೋದರಂತೆ, ಇಷ್ಟು ವರ್ಷದಲ್ಲಿ ಆ ಪುರಾತನ ಪಟ್ಟಣದ ಮಾನ ಕಾಯಲು ತಮ್ಮಂಥವರೊಬ್ಬರು ಹುಕ್ಕೇರಿಯಲ್ಲಿ ಹುಟ್ಟಬೇಕಾಯಿತು.

ಹಾಗಾದರೆ ಆ ಪಟ್ಟಿಯನ್ನೊಮ್ಮೆ ತೋರಿಸಿರಿ ಎಂದು ನಾನೇ ಖುದ್ದಾಗಿ ಬಂದು ಕೈಮುಗಿದೆ. ಪಟ್ಟಿ ಗುಪ್ತವಾದದ್ದೆಂದು ಅದನ್ನು ಎದೆಗೆ ಒತ್ತಿ ಹಿಡಿದು, ಇಂಗ್ರೇಜಿ ಲಿಪಿಯಲ್ಲಿದ್ದುದನ್ನು ತಾವೇ ದೊಡ್ಡ ಮನಸ್ಸು ಮಾಡಿ, ಕೊನೆಯ ‘ಕ್ಯೂ’ ಅಕ್ಷರವನ್ನೂ ಬಿಡದೆ ಓದಿ ಹೇಳಿದಿರಿ. ‘ದಿಮಾಶಕ್ಯೂ.’ ಆ ಉಚ್ಚಾರವನ್ನು ಕೇಳಿದ ಅರಬ್ಬರು ಜಗತ್ತಿನಲ್ಲಿ ಇನ್ನೂ ಯಾರೂ ಇಲ್ಲವಾದ್ದರಿಂದ ತಾವು ಸುರಕ್ಷಿತವಾಗಿದ್ದೀರಿ. ನಂತರ ತಾವು ಅಪ್ಪಣೆ ಕೊಡಿಸಿದ್ದೇನೆಂದರೆ, ಕಾಗದದಲ್ಲಿ ಬರೆದದ್ದಕ್ಕೆ ಅರ್ಥವಿಲ್ಲ, ಅರ್ಜಿದಾರಳೇ ಹಾಜರಾಗಿ ಗಂಡನ ಹೆಸರನ್ನೂ ಆತ ಇರುವ ಊರಿನ ಹೆಸರನ್ನೂ ತನ್ನ ಸ್ವಂತ ಬಾಯಿಯಿಂದ ಹೇಳಬೇಕು, ಹೇಳಿದರೆ ಅಂದೇ ಆ ದವಾಖಾನೆಗೆ ವಿಚಾರಣೆಯ ಕಾಗದ ಹೋಗುತ್ತದೆ. ಇದಕ್ಕಿಂತ ಸುಲಭ ಯಾವುದಿದೆ ಎಂದು ನಾನೂ ಸಂತೋಷದಿಂದಲೇ ಮನೆಗೆ ಬಂದೆ.

ಊರಿನ ಹೆಸರಿನ ಕಷ್ಟವನ್ನು ಹುಕ್ಕೇರಿಯ ಗುಂಬಜದ ಹತ್ತಿರ ಮಕ್ಕಳಿಗೆ ಕುರಾನು ಹೇಳಿಕೊಡುವ ಖತೀಬ ಸಾಹೇಬರು ಪರಿಹರಿಸಿದರು. ಉದ್ದವ್ವನನ್ನು ಪಡಸಾಲೆಯಲ್ಲಿ ಕೂಡಿಸಿ, ಮೊದಲ ಭಾಗ ತುಟಿಯ ಹತ್ತಿರ, ಕೊನೆಯ ಅಕ್ಷರ ಮಾತ್ರ ಕಿರುನಾಲಗೆಯ ಬುಡದಿಂದ ಬರಬೇಕೆಂದು ತೋರಿಸಿದರು. ನನಗೆ ಮೂರು ವಾರ ಅಭ್ಯಾಸ ಮಾಡಿ ಕೆಮ್ಮು ಬಂತೇ ಹೊರತು ಅಕ್ಷರ ಬರಲಿಲ್ಲ. ಉದ್ದವ್ವ ಒಂದು ಗಳಿಗೆ ಕೇಳಿ, ‘ಇದೇನ್ರಿ, ಎಮ್ಮಿ ಹಿಂಡುವಾಗ ಕರಾ ಹಿಂದಕ್ಕ ಸರಸಾಕ ಗಂಟಲದಾಗ ಸಪ್ಪಳಾ ಮಾಡತೇವಲ್ರಿ, ಅದ ಐತಿ’ ಎಂದು ಸೊಗಸಾಗಿ ಹೇಳಿಯೇಬಿಟ್ಟಳು. ಖತೀಬ ಸಾಹೇಬರು ಕಣ್ಣು ಮುಚ್ಚಿ ತಲೆದೂಗಿದರು. ತಮ್ಮಲ್ಲಿಗೆ ಹೊರಟ ದಿನ ಹೆಂಗಸು ನಾಲ್ಕೂವರೆ ಹರದಾರಿ ದೂರದ ಹುಕ್ಕೇರಿಯವರೆಗೂ ದಾರಿಯಲ್ಲಿ ಸಿಕ್ಕ ಬೇಲಿಗೂ ಬಾವಿಗೂ ದಿಮಶ್ಕ್, ದಿಮಶ್ಕ್ ಎಂದು ಹೇಳಿಕೊಳ್ಳುತ್ತ ಬಂದಳು.

ಅಕ್ಷತದಿಗೆಯ ಮರುದಿನ, ಮೂರು ವರ್ಷದ ಮಗಳು ಶಿವವ್ವನನ್ನು ಕಂಕುಳಲ್ಲಿ ಎತ್ತಿಕೊಂಡು ಆಕೆ ತಮ್ಮ ಮುಂದೆ ನಿಂತಳು. ಊರಿನ ಹೆಸರು ಹೇಳು ಎಂದಿರಿ, ಹೇಳಿದಳು. ಅಂಥ ಸ್ವಚ್ಛ ಉಚ್ಚಾರವನ್ನು ತಾವು ಜನ್ಮದಲ್ಲಿ ಕೇಳಿರಲಿಲ್ಲವಾದ್ದರಿಂದ ‘ಅರ್ಜಿದಾರಳಿಗೆ ಗಂಟಲುಬೇನೆ ಇರುವಂತಿದೆ’ ಎಂದು ಬರೆದುಕೊಂಡಿರಿ, ಆದರೂ ಒಪ್ಪಿದಿರಿ, ತಮ್ಮ ಉಪಕಾರವನ್ನು ಮರೆಯಲಾರೆ. ಆಮೇಲೆ ಗಂಡನ ಹೆಸರು ಕೇಳಿದಿರಿ. ಉದ್ದವ್ವ ಸೆರಗು ಮುಂದಕ್ಕೆ ಎಳೆದುಕೊಂಡಳು. ‘ನಮ್ಮ ಮನಿಯವ್ರರಿ’ ಎಂದಳು. ಮನಿಯವರು ಅಂದರೆ ಯಾರು ಎಂದು ಗದರಿಸಿದಿರಿ. ‘ಈ ಶಿವವ್ವನ ಅಪ್ಪಾರ್ರಿ’ ಎಂದು ಕೂಸನ್ನು ಸಾಕ್ಷಿಗೆ ಎತ್ತಿ ತೋರಿಸಿದಳು. ಹೆಸರು ಗೊತ್ತೈತೋ ಇಲ್ಲೋ ಎಂದಿರಿ. ‘ಗೊತ್ತೈತ್ರಿ ಸಾಹೇಬ್ರ, ಆದ್ರ ನಾ ಹೇಳಬಾರದ್ರಿ.’ ಬಾಜೂಕ್ಕೆ ನಿಂತಿದ್ದ ನಾನು ಹೇಳಹೋದರೆ ಸಾಕ್ಷಿದಾರ ಬಾಯಿ ಹಾಕಬಾರದೆಂದಿರಿ. ನನ್ನ ನಾಲ್ಕು ಅರ್ಜಿಗಳಲ್ಲೂ ಆ ಹೆಸರು ಗುಂಡಗೆ ಬರೆದಿದೆಯಲ್ಲ, ಅವನ್ನು ಮತ್ತೆ ತಂದು ತಮ್ಮ ಮೇಜಿನ ಮೇಲೆಯೇ ಇಟ್ಟಿದ್ದೇನಲ್ಲ ಎಂದರೆ, ಅವೆಲ್ಲ ತಿರಸ್ಕೃತವಾದವು ಎಂದಿರಿ. ಆತನ ತಾಯಿ ಲಕ್ಕವ್ವ ದಿನಕ್ಕೆ ನೂರು ಸಲ ಮಗನ ಹೆಸರು ಕೂಗಿ ಅಳುತ್ತಾಳೆ, ನಡೆಯಲಾರಳು, ಗಾಡಿ ಕಟ್ಟಿಕೊಂಡು ಬರಲೇ ಎಂದರೆ, ತಾಯಿಯ ಬಾಯಿ ಹೆಂಡತಿಯ ಬಾಯಿಯಾಗದು ಎಂದಿರಿ. ಕೊನೆಗೆ ಲೇಖನಿಯನ್ನು ಅದ್ದಿ, ಗಂಡನ ಹೆಸರಿನ ಮುಂದೆ ‘ಹೆಂಡತಿಗೆ ತಿಳಿದಿಲ್ಲ’ ಎಂದು ಬರೆದು, ಮಸಿ ಒಣಗಲೆಂದು ಮೇಲೆ ಮರಳು ಉದುರಿಸಿದಿರಿ.

ಶಿವ ಶಿವಾ! ತಾವೇನು ವಿಲಾಯತಿಯಿಂದ ಇಳಿದವರೇ? ಗಂಡನ ಹೆಸರನ್ನು ಹೆಂಡತಿ ಬರಿಬಾಯಿಯಲ್ಲಿ ಹೇಳುವುದಿಲ್ಲ ಎಂಬುದು ಈ ಸೀಮೆಯಲ್ಲಿ ಹಾಲು ಕುಡಿಯುವ ಕೂಸಿಗೂ ಗೊತ್ತು. ತಮ್ಮ ಮನೆಯ ಸೀಮಂತದಲ್ಲಿ ನನ್ನ ಮಗಳೂ ಇದ್ದಳು. ತಮ್ಮ ಮನೆಯವರನ್ನು ಐದು ಮಂದಿ ಮುತ್ತೈದೆಯರು ಹಿಡಿದು ಕೂಡಿಸಿ ಒಡಪು ಹೇಳಿಸಿದರಂತೆ. ಆ ತಾಯಿ ನಾಚಿ ನೀರಾಗಿ ಬೆಳ್ಳಿಯ ಬಟ್ಟಲು, ಕಲ್ಲುಸಕ್ಕರೆ ಎಂದೆಲ್ಲ ಸುತ್ತಿ ಬಳಸಿ ಕೊನೆಯಲ್ಲಿ ತಮ್ಮ ಶುಭನಾಮವನ್ನು ಜೋಡಿಸಿದರಂತೆ. ನಾಳೆ ತಾವೇ ಕಾಲು ಮುರಿದುಕೊಂಡು ಪರದೇಶದ ದವಾಖಾನೆಯಲ್ಲಿ ಬಿದ್ದು, ಆ ತಾಯಿ ಇದೇ ಕಚೇರಿಯಲ್ಲಿ ನಿಂತರೆ, ತಮ್ಮ ಹೆಸರಿನ ಮುಂದೆಯೂ ‘ತಿಳಿದಿಲ್ಲ’ ಎಂದೇ ಬೀಳುತ್ತದೆ. ಹಾಗಾಗದಿರಲಿ ಎಂದು ದೇವರಲ್ಲಿ ಬೇಡುತ್ತೇನೆ, ಇದನ್ನು ಮಾತ್ರ ಮನಃಪೂರ್ವಕವಾಗಿ ಹೇಳುತ್ತಿದ್ದೇನೆ.

ಅಂದು ತಿರುಗಿ ಹೋಗುವಾಗ ನಾನೂ ಆಕೆಯ ಮೇಲೆ ಸಿಟ್ಟಾದೆ. ಒಂದು ಶಬ್ದ ಹೇಳಿದ್ದರೆ ಕೆಲಸವಾಗುತ್ತಿತ್ತಲ್ಲ, ಇದೆಂಥ ಹಟ ಎಂದೆ. ಉದ್ದವ್ವ ರಸ್ತೆಯ ಬದಿಗೆ ನಿಂತು ಹೇಳಿದ ಮಾತನ್ನು ತಮಗೆ ತಿಳಿಸುವುದು ನನ್ನ ಕರ್ತವ್ಯ. ‘ಮಾಸ್ತರ, ಹೆಂಡತಿ ಒಂದ ಸಲ ಹೆಸರ ಹಿಡದ್ರ ಗಂಡನ ಆಯುಷ್ಯದಾಗ ಒಂದ ದಿನಾ ಕಮ್ಮಿ ಆಗತೈತಿ ಅಂತಾರ್ರಿ. ಅವರು ಹೊಲದಾಗ ಗಟ್ಟಿಮುಟ್ಟ ಇದ್ದಿದ್ರ ಹೋದ್ರ ಹೋಗಲಿ ಒಂದ ದಿನಾ ಅಂತಿದ್ನಿ. ದವಾಖಾನ್ಯಾಗ ಮಲಗ್ಯಾರ. ಅವರ ಕಡೆ ಇನ್ನ ಎಷ್ಟ ದಿನಾ ಉಳದಾವೋ ಯಾರಿಗೆ ಗೊತ್ತರಿ? ಅದ್ರಾಗ ಒಂದನ್ನ ನಾನ ಹೆಂಗ ತಗೀಲಿ?’ ಇದನ್ನು ಮೂಢನಂಬಿಕೆ ಎಂದು ನಾನು ಹಲಗೆಯ ಮುಂದೆ ನಿಂತು ಎಷ್ಟೋ ಸಲ ಹೇಳಿದ್ದೇನೆ. ಅಂದು ಮಾತ್ರ ಕೂಸನ್ನು ಆಕೆಯ ಕಂಕುಳಿನಿಂದ ಎತ್ತಿಕೊಂಡು ಮುಂದೆ ನಡೆದೆ.

ಆದ್ದರಿಂದ ಇಬ್ಬರೂ ಕೂಡಿ ದಾರಿ ಹುಡುಕಿದೆವು. ಒಡಪಿನಲ್ಲಿ ಹೇಳಿದರೆ ದೋಷವಿಲ್ಲವಲ್ಲ! ಒಡಪು ಮದುವೆ ಸೀಮಂತಗಳ ಸಡಗರದ ಮಾತು, ಸರಕಾರಿ ಕಚೇರಿಯಲ್ಲಿ ಅದನ್ನು ಹೇಳುವುದೆಂದರೆ ಸಂತೆಯ ನಡುವೆ ನಿಂತು ಹೇಳಿದಷ್ಟೇ ನಾಚಿಕೆಯ ಕೆಲಸ. ಆದರೂ ಆಕೆ ಎಮ್ಮೆ ಮೇಯಿಸುತ್ತ ಒಂದು ತಿಂಗಳು ಕಟ್ಟಿ, ಕಾರಹುಣ್ಣಿಮೆ ಮುಗಿದ ಮೂರನೆಯ ದಿನ ಮತ್ತೆ ತಮ್ಮ ಮುಂದೆ ಬಂದು, ಗೋಡೆಯ ಕಡೆ ಮುಖ ಮಾಡಿ ಹೇಳಿದಳು:

ಹಿತ್ತಲದಾಗಿನ ಮಲ್ಲಿಗಿ ಹೂವ ಹೆರಳಿಗಿ ಇನ್ನಾ ಏರಿಲ್ಲ,
ದಿಮಶ್ಕ್ ಊರಾಗ ಇರೋ ಮಾಲಿಂಗಪ್ಪನವರು ಮನಿಗಿ ಇನ್ನಾ ಬಂದಿಲ್ಲ.

ಬಾಕಿನ ಮೇಲೆ ಕುಳಿತಿದ್ದ ಹೆಂಗಸರೆಲ್ಲ ಸೆರಗು ಬಾಯ್ಮೇಲೆ ಇಟ್ಟುಕೊಂಡರು. ತಮ್ಮ ಸಿಪಾಯಿ ಕೂಡ ಕಣ್ಣೊರೆಸಿಕೊಂಡ. ಒಂದೇ ಉಸಿರಿನಲ್ಲಿ ಗಂಡನ ಹೆಸರು, ಊರಿನ ಹೆಸರು, ಗಂಟಲಿನ ಬುಡದ ಅಕ್ಷರ ಎಲ್ಲವೂ ಬಂದಿತ್ತು. ತಾವು ಮಾತ್ರ ತಮ್ಮ ಕರ್ತವ್ಯದಿಂದ ಕದಲಲಿಲ್ಲ. ಮಲ್ಲಿಗೆಯ ವಿಷಯ ಈ ಕಚೇರಿಗೆ ಸಂಬಂಧಪಟ್ಟದ್ದಲ್ಲ, ಪದ್ಯದಲ್ಲಿ ಕೊಟ್ಟ ಹೇಳಿಕೆ ಊರ್ಜಿತವಾಗುವುದಿಲ್ಲ, ನಮೂನೆಯಲ್ಲಿ ಗಂಡ ಮೊದಲು, ಊರು ಆಮೇಲೆ ಇರುವಾಗ ಈಕೆ ಊರನ್ನು ಮೊದಲು ಹೇಳಿದ್ದಾಳೆ ಎಂದು ಮೂರು ಆಕ್ಷೇಪ ಎತ್ತಿದಿರಿ. ನಾಗರಪಂಚಮಿಯ ದಿನ, ಊರೆಲ್ಲ ಉಂಡಿ ಕಟ್ಟುವ ಹೊತ್ತಿಗೆ, ತಮ್ಮ ಕೊನೆಯ ಷರಾ ಬಂತು. ‘ಅರ್ಜಿದಾರಳು ಹಾಡಿದಳು. ಗಂಡನ ಹೆಸರು ಹೇಳಲಿಲ್ಲ. ಅರ್ಜಿ ವಿಲೇ. ಮನುಷ್ಯನ ಪತ್ತೆ ಇಲ್ಲ.’ ಈ ಕೊನೆಯ ಮೂರು ಶಬ್ದಗಳನ್ನು ಹಿಡಿದುಕೊಂಡು ಆಕೆಯ ಭಾವ ರಾಜಪ್ಪ, ‘ಸರಕಾರದವ್ರು ಪತ್ತೆ ಇಲ್ಲ ಅಂದ ಮ್ಯಾಲ ಇನ್ನೇನ ಉಳೀತು? ಶ್ರಾವಣ ಮುಗಿಯೂದ್ರಾಗ ಬಳಿ ಒಡಸ್ರಿ’ ಎಂದು ಮನೆಯಲ್ಲಿ ಕೂಗಾಡುತ್ತಿದ್ದಾನೆ. ಉದ್ದವ್ವ ಎರಡೂ ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡು ಓಡಾಡುತ್ತಾಳೆ. ಹುಡುಕುವ ಗೋಜಿಗೇ ಹೋಗದೆ ‘ಪತ್ತೆ ಇಲ್ಲ’ ಎಂದು ಬರೆಯುವ ವಿದ್ಯೆಯನ್ನು ತಾವು ಯಾವ ಶಾಲೆಯಲ್ಲಿ ಕಲಿತಿರಿ ಎಂಬುದನ್ನು ತಿಳಿಸಿದರೆ, ಮೂಡಲಗಿಯಲ್ಲೂ ಅದನ್ನು ಕಲಿಸಲು ಏರ್ಪಾಡು ಮಾಡುತ್ತೇನೆ.

ಇನ್ನು ನನ್ನ ಬಿನ್ನಹ. ತಮ್ಮ ನಮೂನೆಯಲ್ಲಿ ಒಡಪಿಗೆಂದು ಎರಡು ಸಾಲಿನ ಜಾಗ ಬಿಡಬೇಕು, ಪ್ರಾಸ ತಪ್ಪಿದವರಿಗೆ ಮಾತ್ರ ಕೆಂಪು ಮಸಿ ಹಾಕಬಹುದು. ಅದಾಗದಿದ್ದರೆ ಆ ದಿಮಶ್ಕ್ ಪಟ್ಟಣದ ಹಿರಿಯರಿಗೆ ಒಂದು ಹುಕುಂ ಕಳಿಸಿ, ಸಾವಿರಾರು ವರ್ಷದ ಹಳೆಯ ಹೆಸರನ್ನು ಬಿಟ್ಟು, ಹೆಬ್ಬಾಳ, ಯಮಕನಮರಡಿ ಎಂಬಂಥ ಸರಳವಾದ ಹೆಸರನ್ನು ಇಟ್ಟುಕೊಳ್ಳಲು ಹೇಳಬೇಕು. ಮುಂದಿನ ಮಹಾಯುದ್ಧವನ್ನಾದರೂ ನಮ್ಮ ಹೆಂಗಸರ ಬಾಯಿಗೆ ಒಗ್ಗುವ ಊರುಗಳಲ್ಲಿಯೇ ನಡೆಸುವಂತೆ ಚಕ್ರವರ್ತಿಗಳಿಗೆ ತಾವೇ ಒಂದು ಮಾತು ಬರೆಯಬೇಕು. ತಮ್ಮ ಷರಾವನ್ನು ಅವರು ಮೀರಲಾರರು. ಹೇಸರಗತ್ತೆಗಳಿಗೂ ಒದೆಯುವ ಮುನ್ನ ಇದು ಯಾವ ಊರು, ಇದರ ಹೆಸರು ತಮ್ಮ ಪಟ್ಟಿಯಲ್ಲಿದೆಯೋ ಇಲ್ಲವೋ ಎಂದು ವಿಚಾರಿಸಿಕೊಳ್ಳುವ ಶಿಸ್ತು ಕಲಿಸಬೇಕು. ಇವು ಯಾವುವೂ ಆಗದಿದ್ದರೆ, ಒಂದೇ ಒಂದು ಕಾಗದ. ಹೀಗೊಬ್ಬ ಮನುಷ್ಯ ನಿಮ್ಮ ದವಾಖಾನೆಯಲ್ಲಿದ್ದಾನೆಯೇ, ಇದ್ದರೆ ಆತನ ಹೆಂಡತಿ ಮಗಳು ದಾರಿ ನೋಡುತ್ತಿದ್ದಾರೆಂದು ಹೇಳಿರಿ, ಅಷ್ಟೇ. ಊರಿನ ಹೆಸರನ್ನು ತಮಗೆ ತಿಳಿದಂತೆ ದಿಮಾಶಕ್ಯೂ ಎಂದೇ ಬರೆಯಿರಿ, ನಾನು ನಗುವುದಿಲ್ಲ.

ಬೇಡಿದ್ದರಲ್ಲಿ ಉದ್ಧಟತನ ಕಂಡರೆ ಅದು ನನ್ನದು, ಉದ್ದವ್ವನದಲ್ಲ.

ನಾಲ್ಕು ಸಲ ಹಿಂದಿರುಗಿದರೂ ಬಾಗಿಲು ತಟ್ಟುವುದನ್ನು ಬಿಡದ
ತಮ್ಮ ವಿಶ್ವಾಸಿ,
ಮುರಿಗೆಪ್ಪ ಮಾಸ್ತರ
ಕಣಗಲಾ, ಶ್ರಾವಣ ಮಾಸ, ೧೯೧೯

ತಾಜಾ ಕಲಂ: ಇದನ್ನು ಲಕೋಟೆಗೆ ಹಾಕುವ ಹೊತ್ತಿಗೆ ಸಂಕೇಶ್ವರದ ಸಾತಪ್ಪ ಬಂದ, ಒಬ್ಬನೇ ಬಂದ. ಮುಂಬಯಿಯಲ್ಲಿ ಹಡಗಿನಿಂದ ಇಳಿದವನು ತನ್ನ ಮನೆಗೂ ಹೋಗದೆ ನೇರವಾಗಿ ನಮ್ಮೂರಿಗೇ ಬಂದಿದ್ದ. ಮಾಲಿಂಗಪ್ಪ ಕಾರಹುಣ್ಣಿಮೆಯಾಗಿ ಹನ್ನೆರಡನೆಯ ದಿನ ತೀರಿಕೊಂಡನಂತೆ. ‘ಹುಣ್ಣಿಮಿ ಅಲ್ಲಿಯೂ ಇದ ಹುಣ್ಣಿಮಿರಿ ಮಾಸ್ತರ, ನಾವು ಎಣಿಸ್ಕೋತ ಕುಂಡರತಿದ್ವಿ’ ಎಂದ. ಹಾಗಾದರೆ ತಾವು ‘ತಿಳಿದಿಲ್ಲ’ ಎಂದು ಬರೆದ ದಿನ ಆತನಿದ್ದ, ಮಲ್ಲಿಗೆಯ ಮೇಲೆ ಆಕ್ಷೇಪ ಎತ್ತಿದ ದಿನವೂ ಇದ್ದ. ಸಂಕ್ರಾಂತಿಯಲ್ಲಿ ನಾನು ‘ಡಮಾಸ್ಕಸ್’ ಎಂದು ತಪ್ಪಾಗಿ ಬರೆದಿದ್ದ ಕಾಗದ ಆತನಿಗೆ ತಲುಪಿತ್ತು. ಅದನ್ನೇ ದಿನಾ ಸಾತಪ್ಪನ ಕೈಯಲ್ಲಿ ಓದಿಸಿಕೊಂಡು, ಮಡಿಕೆಗಳಲ್ಲಿ ಹರಿದ ಮೇಲೂ ತಲೆದಿಂಬಿನ ಕೆಳಗೆ ಇಟ್ಟುಕೊಂಡಿದ್ದನಂತೆ. ಇನ್ನೊಂದು ಯಾಕೆ ಬರಲಿಲ್ಲ ಎಂದು ಕೇಳಿ ಮೂರು ಕಾರ್ಡು ಬರೆಸಿದ್ದನಂತೆ. ಅವು ಯಾವ ಊರಿನ ಹೆಸರು ಹೊತ್ತು ಬಂದಿದ್ದವೋ, ತಮ್ಮ ಕಪಾಟಿನಲ್ಲಿ ಒಮ್ಮೆ ನೋಡಬೇಕು. ಆ ಊರನ್ನು ಆತ ಏನೆನ್ನುತ್ತಿದ್ದ ಎಂದು ಸಾತಪ್ಪನನ್ನು ಕೇಳಿದೆ. ಅದರ ಹೆಸರು ಕೊನೆಯವರೆಗೂ ಆತನ ಬಾಯಿಗೆ ಬರಲೇ ಇಲ್ಲವಂತೆ.

ನಿನ್ನೆ ಉದ್ದವ್ವ ತಾನಾಗಿಯೇ ‘ನಡೀರಿ ಮಾಸ್ತರ, ಹುಕ್ಕೇರಿಗಿ ಹೋಗೂಣು’ ಎಂದು ಎದ್ದು ನಿಂತಳು. ತಮ್ಮ ಮೇಜಿನ ಮುಂದೆ, ಗೋಡೆಯ ಕಡೆ ತಿರುಗದೆ, ತಮ್ಮ ಮುಖ ನೋಡಿಕೊಂಡು, ‘ನನ್ನ ಗಂಡನ ಹೆಸರು ಮಾಲಿಂಗಪ್ಪ. ಊರು ದಿಮಶ್ಕ್’ ಎಂದಳು. ಗಂಡ ಮೊದಲು, ಊರು ಆಮೇಲೆ, ಎರಡೂ ಗದ್ಯದಲ್ಲಿ. ತಾವು ಬಹಳ ಸಂತೋಷಪಟ್ಟು ಲೇಖನಿ ಎತ್ತಿಕೊಂಡು, ‘ಹಿಂಗ ಮೊದಲ ಹೇಳಿದ್ದಿದ್ರ ಎಷ್ಟ ಚಲೋ ಆಗತಿತ್ತು’ ಎಂದಿರಿ. ಆಕೆ, ‘ಈಗ ಎಷ್ಟ ಸಲಾ ಬೇಕಾದ್ರೂ ಹೇಳತೀನ್ರಿ ಸಾಹೇಬ್ರ, ಇನ್ನ ಏನೂ ಕಮ್ಮಿ ಆಗೂದಿಲ್ಲ’ ಎಂದಾಗಲೇ ತಾವು ಆಕೆಯ ಬರಿಗೈ ನೋಡಿದ್ದು. ತಾವು ಅದ್ದಿದ ಮಸಿ ಹಾಗೆಯೇ ಒಣಗಿತು, ಆಕೆ ಮೆಟ್ಟಿಲು ಇಳಿದು ಹೋದಳು. ಕಾಲಂ ಇನ್ನೂ ಖಾಲಿಯಿರಬೇಕು. ದಯಮಾಡಿ ತುಂಬಿಕೊಳ್ಳಿರಿ, ಉಚ್ಚಾರದಲ್ಲಿ ದೋಷವೇನಾದರೂ ಇದ್ದರೆ ತಿಳಿಸಿರಿ.